ರಸ್ತೆ ಉದ್ದಕ್ಕೆ, ಹೊಳೆ ಅಡ್ಡಕ್ಕೆ

ಬಿ.ಸಿ.ರೋಡ್–ಅಡ್ಡಹೊಳೆ ಚತುಷ್ಪಥ ಕಾಮಗಾರಿಯ ಸುದ್ದಿ ಓದಿ ಓದಿ, ನಮ್ಮ ಕಡೆಯವರಿಗೆ ಆ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಅಭ್ಯಾಸವಾಗಿಬಿಟ್ಟಿದೆ. ರಾಷ್ಟ್ರೀಯ ಹೆದ್ದಾರಿ 75ರ ಸುಮಾರು 63 ಕಿಲೋಮೀಟರ್ ಉದ್ದದ ಈ ಭಾಗ ಉಪ್ಪಿನಂಗಡಿ, ನೆಲ್ಯಾಡಿಗಳನ್ನು ದಾಟಿ ಗುಂಡ್ಯದ ಹತ್ತಿರ ಘಟ್ಟದ ಬುಡ ಮುಟ್ಟುತ್ತದೆ. ದಕ್ಷಿಣ ಕನ್ನಡದ ಸ್ಥಳನಾಮಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಎರಡನೆಯ ಹೆಸರಿನ ಮೇಲೆ ಒಂದು ಬಗೆಯ ಮೋಹ. ಅಡ್ಡಹೊಳೆ ಎಂದರೆ ಅಡ್ಡ ಬರುವ ಹೊಳೆ. ಅದು ದಾರಿಹೋಕ ಇಟ್ಟ ಹೆಸರಿರಬೇಕು. ಹೊಳೆಯ ಮಟ್ಟಿಗೆ ಅದು ತನ್ನ ಪಾಡಿಗೆ ನೇರವಾಗಿಯೇ ಹರಿಯುತ್ತಿದೆ, ಅಡ್ಡ ಬಂದದ್ದು ದಾರಿ.

ಹೊಸ ರಸ್ತೆಗಳ ಬಗ್ಗೆ ಯೋಚಿಸುವಾಗಲೆಲ್ಲ ಈ ಹೆಸರು ನೆನಪಾಗುತ್ತದೆ. ರಸ್ತೆಯನ್ನು ನಾವು ಅಳೆಯುವುದು ಉದ್ದದಲ್ಲಿ. ಇಷ್ಟು ಕಿಲೋಮೀಟರ್, ಇಷ್ಟು ಕೋಟಿ, ಇಷ್ಟು ನಿಮಿಷದ ಉಳಿತಾಯ. ಅದರ ಪರಿಣಾಮ ಹೋಗುವುದು ಮಾತ್ರ ಅಡ್ಡಕ್ಕೆ. ಮೇಲಕ್ಕೆ ಗುಡ್ಡೆಗೆ, ಕೆಳಕ್ಕೆ ತೋಡಿಗೆ, ತೋಟಕ್ಕೆ, ಹೊಳೆಗೆ. ಪುತ್ತೂರು, ಸುಳ್ಯ, ಕಡಬದಂಥ ಊರುಗಳಲ್ಲಿ ರಸ್ತೆ ಮಾಡುವ ಮೊದಲು ಪರಿಸರದ ಬಗ್ಗೆ ಯೋಚಿಸುವುದೆಂದರೆ, ಮುಖ್ಯವಾಗಿ ಈ ಅಡ್ಡ ಅಳತೆಯನ್ನು ತೆಗೆಯುವುದು ಎಂದು ನನಗೆ ಅನಿಸುತ್ತದೆ.

ಈ ಮೂರು ತಾಲೂಕುಗಳಲ್ಲಿ ಸಮತಟ್ಟಾದ ನೆಲ ಕಡಿಮೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪುಷ್ಪಗಿರಿಯ ಕಡೆಯಿಂದ ಇಳಿಯುವ ಕುಮಾರಧಾರಾ ಸುಬ್ರಹ್ಮಣ್ಯವನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಗಡಿ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಈ ಎರಡು ಹೊಳೆಗಳಿಗೆ ಎಷ್ಟು ತೋಡುಗಳು ಸೇರುತ್ತವೆ ಎಂದು ಲೆಕ್ಕ ಇಟ್ಟವರಿಲ್ಲ, ಆದರೆ ಪ್ರತಿಯೊಂದಕ್ಕೂ ಅದರ ಬದಿಯ ಮನೆಯವರ ಬಾಯಲ್ಲಿ ಒಂದು ಹೆಸರಿದೆ. ಊರ ಹೆಸರುಗಳೂ ಹಾಗೆಯೇ. ಪದವು ಎಂದರೆ ಮೇಲಿನ ಮುರಕಲ್ಲಿನ ಬಯಲು, ಅಡ್ಕ ಎಂದರೆ ಬೋಳು ಹರಹು, ಪಳ್ಳ ಎಂದರೆ ನೀರು ನಿಲ್ಲುವ ತಗ್ಗು, ಬೈಲು ಎಂದರೆ ಎರಡು ಗುಡ್ಡೆಗಳ ನಡುವಿನ ಗದ್ದೆಯ ನೆಲ. ಈ ಹೆಸರುಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದರೆ ಗುಡ್ಡೆಯ ಒಂದು ಅಡ್ಡಸೀಳು ನಕ್ಷೆಯೇ ಸಿಗುತ್ತದೆ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಇಂಗುತ್ತದೆ, ಎಲ್ಲಿ ಹೊರಬರುತ್ತದೆ ಎಂಬ ತಿಳಿವಳಿಕೆ ಈ ಹೆಸರುಗಳಲ್ಲಿದೆ.

ಮಣ್ಣಿನ ವಿಚಾರವೂ ಇಷ್ಟೇ ಮುಖ್ಯ. ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು. ಮುರಕಲ್ಲು ರಂಧ್ರಗಳ ಕಲ್ಲಾದ್ದರಿಂದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಶೇಡಿಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದಾಗ ಬೆಣ್ಣೆ. ಗುಡ್ಡೆ ಎಂದರೆ ನೀರಿನ ತಿಜೋರಿ ಎಂದು ಇಲ್ಲಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದಕ್ಕೇ ಅಡ್ಡಕ್ಕೆ ಸುರಂಗ ಕೊರೆದು ನೀರು ತಂದರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗಗಳನ್ನು ಕೊರೆದು ಬೋಳು ಗುಡ್ಡೆಯಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಸುರಂಗ ಕೊರೆಯುವವನು ಗುಡ್ಡೆಗೆ ಒಂದು ಸಣ್ಣ ಬಾಯಿ ಇಟ್ಟು ಬೇಕಾದಷ್ಟು ನೀರು ಕೇಳುತ್ತಾನೆ. ರಸ್ತೆಗೆ ಗುಡ್ಡೆ ಕಡಿಯುವ ಯಂತ್ರ ತಿಜೋರಿಯ ಒಂದು ಗೋಡೆಯನ್ನೇ ತೆಗೆದುಬಿಡುತ್ತದೆ.

ಸುಳ್ಯ ತಾಲೂಕಿನ ಒಂದು ಬೈಲಿನಲ್ಲಿ ನನ್ನ ಸೋದರಮಾವನ ಅಡಿಕೆ ತೋಟವಿದೆ. ತೋಟದ ಮೇಲೆ ಗುಡ್ಡೆ, ಗುಡ್ಡೆಯ ಸೊಂಟದಲ್ಲಿ ರಸ್ತೆ. ಕೆಲವು ವರ್ಷಗಳ ಹಿಂದೆ ಆ ರಸ್ತೆಯನ್ನು ಅಗಲ ಮಾಡಿದರು. ಮಾವನ ಒಂದು ಸೆಂಟ್ಸ್ ಜಾಗವೂ ಹೋಗಲಿಲ್ಲ. ಹಾಗಾಗಿ ಕಾಗದಪತ್ರದ ಪ್ರಕಾರ ಅವರು ಆ ಕೆಲಸಕ್ಕೆ ಸಂಬಂಧಪಟ್ಟವರೇ ಅಲ್ಲ. ಗುಡ್ಡೆಯನ್ನು ಗೋಡೆಯ ಹಾಗೆ ನೇರಕ್ಕೆ ಕಡಿದರು, ಕಡಿದ ಮಣ್ಣನ್ನು ಕೆಳಬದಿಗೆ ನೂಕಿದರು. ಮೊದಲು ಹತ್ತಾರು ಕಡೆ ಜಿನುಗಿ ಇಳಿಯುತ್ತಿದ್ದ ನೀರು ಕಾಂಕ್ರೀಟ್ ಚರಂಡಿಯಲ್ಲಿ ಒಟ್ಟಾಗಿ ಒಂದೇ ಮೋರಿಯಿಂದ ಹೊರಬೀಳತೊಡಗಿತು. ಆ ಮೋರಿಯ ಬಾಯಿ ಇದ್ದದ್ದು ಮಾವನ ತೋಡಿನ ತಲೆಯಲ್ಲಿ.

ಕೆಲಸ ನಡೆಯುತ್ತಿದ್ದಾಗ ನಾನು ರಜೆಗೆ ಹೋಗಿದ್ದೆ. ಅಳತೆಗೆ ಬಂದಿದ್ದ ಹುಡುಗ ನನ್ನದೇ ವಯಸ್ಸಿನ ಎಂಜಿನಿಯರ್, ಸೌಮ್ಯ ಸ್ವಭಾವದವನು. ಮಾವ ಮಜ್ಜಿಗೆ ಕೊಟ್ಟು ಕೇಳಿದರು:

"ಅಲ್ಲ ಸಾರ್, ಈ ನೀರನ್ನು ಎಲ್ಲಿಗೆ ಬಿಡುವುದು?"

"ತೋಡಿಗೆ ಅಲ್ವಾ?"

"ತೋಡು ಎಷ್ಟು ದೊಡ್ಡದುಂಟು ಅಂತ ನೋಡಿದ್ದೀರಾ?"

ಅವನು ಮುಜುಗರದಿಂದ ನಕ್ಕ. "ನನಗೆ ಕೊಟ್ಟದ್ದು ರಸ್ತೆಯ ಮಧ್ಯದಿಂದ ಆಚೆಗೆ ಏಳು ಮೀಟರ್, ಈಚೆಗೆ ಏಳು ಮೀಟರ್. ಅದರ ಹೊರಗೆ ಇರುವುದು ನನ್ನ ಡ್ರಾಯಿಂಗಿನಲ್ಲೇ ಇಲ್ಲ ಮಾವ."

ಮೊದಲ ಮಳೆಗಾಲಕ್ಕೇ ತೋಡಿನಲ್ಲಿ ಹೂಳು ತುಂಬಿ, ಮೂರು ಸಾಲು ಅಡಿಕೆಮರಗಳ ಬುಡದಲ್ಲಿ ಕೆಸರು ನಿಂತಿತು. ಬೇಸಿಗೆಯಲ್ಲಿ ಇದರ ಉಲ್ಟಾ. ಮಾರ್ಚ್‌ವರೆಗೂ ಬರುತ್ತಿದ್ದ ಒರತೆ ಜನವರಿಯಲ್ಲೇ ನಿಂತಿತು. ಪ್ರತಿ ವರ್ಷ ಡಿಸೆಂಬರಿನಲ್ಲಿ ನಾಲ್ಕು ಮನೆಯವರು ಸೇರಿ ತೋಡಿಗೆ ಹಾಕುತ್ತಿದ್ದ ಕಟ್ಟಕ್ಕೆ ಈಗ ನಿಲ್ಲಿಸಲು ನೀರಿಲ್ಲ. ನಾನು ಸಿಟ್ಟಿನಲ್ಲಿ ಏನೋ ಅಂದಾಗ ಮಾವ ತಡೆದರು. "ರಸ್ತೆ ಬೇಡ ಅಂತ ನಾನು ಹೇಳ್ಲಿಕ್ಕಿಲ್ಲ ಮಾರಾಯ್ತಿ. ನಿನ್ನ ಅತ್ತೆಗೆ ಎದೆನೋವು ಬಂದ ದಿನ ಪುತ್ತೂರಿಗೆ ಮುಟ್ಟಿಸಿದ್ದು ಇದೇ ರಸ್ತೆ. ನೀರು ಎಲ್ಲಿಗೆ ಹೋಗ್ತದೆ ಅಂತ ಮೊದಲೇ ಕೇಳಿದ್ದರೆ ಎರಡು ಮೋರಿ ಹೆಚ್ಚು ಇಡ್ಬಹುದಿತ್ತು, ಅಷ್ಟೆ."

ಮಾವನದ್ದು ಸಣ್ಣ ನಷ್ಟ. ದೊಡ್ಡದು ಹೇಗಿರುತ್ತದೆ ಎಂದು 2018ರ ಆಗಸ್ಟ್ ತೋರಿಸಿತು. ಸಂಪಾಜೆಯ ಮೇಲೆ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಜರಿದು ಮನೆಗಳ ಮೇಲೆ ಬಂದವು, ಜೀವಗಳು ಹೋದವು. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿ 275 ತುಂಡಾಗಿ ಬಹುಕಾಲ ಮುಚ್ಚಿತ್ತು. ಅದೇ ಮಳೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ, 57 ಸುರಂಗಗಳ ರೈಲುಮಾರ್ಗವೂ ನಿಂತಿತು. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು ಸುತ್ತ ನೆಲ ಸಣ್ಣಗೆ ನಡುಗಿತು. ಆಗಸ್ಟ್ ಮೊದಲ ದಿನ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಪುಟ್ಟ ಅಕ್ಕತಂಗಿಯರು ತೀರಿಕೊಂಡರು. ಕೊಲ್ಲಮೊಗ್ರು, ಹರಿಹರ ಪಲ್ಲತಡ್ಕ, ಕಲ್ಮಕಾರು ಕಡೆ ತೋಡುಗಳೆಲ್ಲ ಹೊಳೆಗಳಾದವು. ಇವೆಲ್ಲಕ್ಕೂ ರಸ್ತೆಯೇ ಕಾರಣ ಎಂದರೆ ಅದು ಸುಳ್ಳು. ಆ ಮಳೆ ಅಸಾಮಾನ್ಯವಾಗಿತ್ತು. ಆದರೆ ನಮ್ಮ ಗುಡ್ಡೆಗಳು ಎಷ್ಟು ಸಡಿಲವಾಗಿ ನಿಂತಿವೆ ಎಂದು ಅವು ಹೇಳಿದವು. ಸಡಿಲವಾದದ್ದರ ಬುಡ ಕಡಿಯುವ ಮುನ್ನ ಎರಡು ಸಲ ಯೋಚಿಸಬೇಕು ಎನ್ನುವುದಕ್ಕೆ ಸಂಶೋಧನೆಯೇನೂ ಬೇಕಿಲ್ಲ.

ಅಡ್ಡ ಅಳತೆಯ ಮಾತಿಗೆ ಅತ್ಯಂತ ಕಠೋರ ಸಾಕ್ಷಿ ಇರುವುದು ನಮ್ಮ ಜಿಲ್ಲೆಯ ಹೊರಗೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ. 2024ರ ಜುಲೈ 16ರಂದು ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು, ಚಹಾದಂಗಡಿಯನ್ನೂ ವಾಹನಗಳನ್ನೂ ಎಳೆದುಕೊಂಡು ಗಂಗಾವಳಿ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಗೆ ಅಪ್ಪಳಿಸಿ ಮನೆಗಳನ್ನು ಕೆಡವಿತು. ಅಲ್ಲಿಯೂ ಒಂದು ಜೀವ ಹೋಯಿತು. ಉಳುವರೆ ಹೆದ್ದಾರಿಯ ಮೇಲಿಲ್ಲ, ಹೆದ್ದಾರಿಯ ಬದಿಯಲ್ಲೂ ಇಲ್ಲ. ನಡುವೆ ಒಂದು ಇಡೀ ನದಿ ಇದೆ. ಹೆದ್ದಾರಿಯ ಯಾವ ನಕ್ಷೆಯಲ್ಲಿ ಉಳುವರೆಯ ಆ ಮನೆಗೆ ಜಾಗವಿದ್ದೀತು?

ರಸ್ತೆಯ ಪರಿಸರ ಪರಿಣಾಮವನ್ನು ಮೊದಲೇ ಅಂದಾಜು ಮಾಡಲು ಕಾನೂನು ಇದೆ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯ ಪ್ರಕಾರ ಹೊಸ ರಾಷ್ಟ್ರೀಯ ಹೆದ್ದಾರಿಗೂ ಹೊಸ ರಾಜ್ಯ ಹೆದ್ದಾರಿಗೂ ಪೂರ್ವಾನುಮತಿ ಬೇಕು. ಆದರೆ ನಮ್ಮಲ್ಲಿ ಹೊಸದಾಗಿ ಹುಟ್ಟುವ ಹೆದ್ದಾರಿಗಿಂತ, ಇದ್ದದ್ದೇ ಅಗಲವಾಗುವುದು ಹೆಚ್ಚು. ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೆ ಮೊದಲು 30 ಕಿ.ಮೀ. ಇದ್ದ ಮಿತಿಯನ್ನು 2013ರ ತಿದ್ದುಪಡಿ 100 ಕಿ.ಮೀ.ಗೆ ಏರಿಸಿತು. ಅಷ್ಟೇ ಸಾಲದು, ಹೊಸದಾಗಿ ಸೇರುವ ಜಾಗ ಇದ್ದ ಮಾರ್ಗದಲ್ಲಾದರೆ 40 ಮೀಟರಿಗಿಂತ, ಬದಲಿ ಮಾರ್ಗದಲ್ಲಾದರೆ 60 ಮೀಟರಿಗಿಂತ ಹೆಚ್ಚು ಅಗಲವಿರಬೇಕು. ನಮ್ಮ ಮೂರು ತಾಲೂಕುಗಳ ಈ ತುದಿಯಿಂದ ಆ ತುದಿಗೆ ಎಳೆದರೂ ಒಂದು ರಸ್ತೆ ನೂರು ಕಿಲೋಮೀಟರ್ ಆಗುವುದಿಲ್ಲ. ಇನ್ನು ಉದ್ದದ ಯೋಜನೆಯಾದರೆ ಅದನ್ನು ತುಂಡು ಮಾಡುವ ದಾರಿಯೂ ಇದೆ. ಉತ್ತರಾಖಂಡದ ಚಾರ್‌ಧಾಮ್ ಯೋಜನೆಯ ಸುಮಾರು 900 ಕಿ.ಮೀ. ರಸ್ತೆಯನ್ನು 53 ತುಂಡುಗಳಾಗಿ ಹಂಚಿದ್ದು ದೇಶಕ್ಕೆಲ್ಲ ಗೊತ್ತಿರುವ ಕತೆ.

ರಾಜ್ಯ ಹೆದ್ದಾರಿಯ ವಿಸ್ತರಣೆಗೆ ಇನ್ನೊಂದು ಅಳತೆಗೋಲು. ಗುಡ್ಡಗಾಡು ಎಂದು ಲೆಕ್ಕಕ್ಕೆ ಬರಬೇಕಾದರೆ ಸಮುದ್ರಮಟ್ಟದಿಂದ 1,000 ಮೀಟರ್ ಮೇಲಿರಬೇಕು. ಇಲ್ಲವಾದರೆ ಪರಿಸರಸೂಕ್ಷ್ಮ ಪ್ರದೇಶವೆಂದು ಗುರುತಾಗಿರಬೇಕು. ಕುಮಾರಪರ್ವತದ ತುದಿ 1,712 ಮೀಟರ್ ಇದೆ, ಸರಿ. ಆದರೆ ಅಲ್ಲಿಗೆ ಯಾರೂ ಬಸ್ಸು ಕೇಳುತ್ತಿಲ್ಲ. ಜನ ಇರುವುದು, ರಸ್ತೆ ಬರುವುದು, ಬರೆ ಜರಿಯುವುದು ಎಲ್ಲ ಅದಕ್ಕಿಂತ ಎಷ್ಟೋ ಕೆಳಗೆ. ಗುಡ್ಡ ಜಾರುವುದು ಇಳಿಜಾರಿನಿಂದ, ಒಳಗಿನ ನೀರಿನಿಂದ. ಕಾನೂನು ಅಳೆಯುವುದು ಎತ್ತರವನ್ನು. ಪಂಚಾಯತ್ ರಸ್ತೆಗಳ ಮಾತು ಬಿಡಿ, ಅವು ಈ ಪಟ್ಟಿಯಲ್ಲೇ ಇಲ್ಲ. ಅರಣ್ಯದ ಜಾಗ ತಾಗಿದರೆ ಬೇರೆ ಅನುಮತಿ ಬೇಕು ನಿಜ, ಆದರೆ ಅಲ್ಲಿಯ ಲೆಕ್ಕ ಮುಖ್ಯವಾಗಿ ಹೆಕ್ಟೇರಿನದ್ದು, ಮರಗಳದ್ದು. ಮಾವನ ಒರತೆಗೆ ಅಲ್ಲಿ ಅಂಕಣವಿಲ್ಲ.

ಕಡಿದು ತುಂಬಿಸುವ ಮಣ್ಣಿನದ್ದೂ ಒಂದು ಕತೆ ಇದೆ. 2020ರ ಮಾರ್ಚ್‌ನಲ್ಲಿ, ರಸ್ತೆಯಂಥ ಉದ್ದುದ್ದದ ಕಾಮಗಾರಿಗಳಿಗಾಗಿ ಮಣ್ಣು ತೆಗೆಯಲು ಪರಿಸರ ಅನುಮತಿಯೇ ಬೇಡ ಎಂದು ಕೇಂದ್ರ ವಿನಾಯಿತಿ ಕೊಟ್ಟಿತು. ಎಷ್ಟು ಮಣ್ಣು, ಎಲ್ಲಿಂದ ಎಂಬ ಮಿತಿಯೇ ಇಲ್ಲದ ಈ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದುಮಾಡಿತು. ನಡುವಿನ ನಾಲ್ಕು ವರ್ಷಗಳಲ್ಲಿ ದೇಶದಲ್ಲಿ ಎಷ್ಟು ಗುಡ್ಡೆಗಳು ರಸ್ತೆಯಾದವೋ.

ಭಾಷೆಯ ವಿಷಯ ನನ್ನ ಓದಿಗೆ ಹತ್ತಿರದ್ದು. ಸಾರ್ವಜನಿಕ ಆಲಿಕೆ ಸಭೆ ನಡೆಯುವ ಯೋಜನೆಗಳಲ್ಲಿ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಇಡೀ ವರದಿ ಇಂಗ್ಲಿಷಿನಲ್ಲಿ. 2020ರಲ್ಲಿ ಆ ಅಧಿಸೂಚನೆಯನ್ನೇ ಬದಲಿಸುವ ಕರಡು ಬಂದಾಗ ಅದು ಕೂಡ ಜನರ ಭಾಷೆಗಳಲ್ಲಿ ಇರಲಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಆದರೆ ಅನುವಾದವಾದರೆ ಸಾಕೇ? ಒರತೆ, ತೋಡು, ಕಟ್ಟ, ಬನ, ಪಳ್ಳ ಎಂಬ ಮಾತುಗಳು ಗೊತ್ತಿಲ್ಲದವರು ಬರೆದ ವರದಿಯನ್ನು ಕನ್ನಡಕ್ಕೆ ತಂದರೂ ಆ ಮಾತುಗಳು ಅದರೊಳಗೆ ಬರಲಾರವು. ಕೇಳದ ಪ್ರಶ್ನೆಗೆ ಅನುವಾದವಿಲ್ಲ.

ಇಲ್ಲಿ ಪರಿಸರ ಎಂಬ ಮಾತನ್ನು ಎತ್ತುವುದೇ ಕಷ್ಟ ಎನ್ನುವುದನ್ನೂ ಹೇಳಬೇಕು. 2013ರ ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ಸುಳ್ಯ, ಕಡಬದ ಕಡೆಯ ಹಳ್ಳಿಗಳು ಸೇರಿದ ಮೇಲೆ ಆ ಶಬ್ದ ಒಂದು ಬೆದರಿಕೆಯ ಹಾಗೆ ಕೇಳಿಸತೊಡಗಿತು. ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡದ್ದನ್ನೆಲ್ಲ ಕಾಡು ಎಂದರು, ನಾವು ನೆಟ್ಟ ತೋಟವನ್ನೂ ಸೇರಿಸಿದರು ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಕೇಳಿಬಂತು. ಕರಡು ಅಧಿಸೂಚನೆ ಮತ್ತೆ ಮತ್ತೆ ಬಂತು, 2024ರ ಜುಲೈಯದ್ದು ಆರನೆಯದು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಆ ಭಯಕ್ಕೆ ಕಾರಣವಿದೆ. ಮಳೆಗಾಲದಲ್ಲಿ ಕಾಲುಸಂಕ ಮುಳುಗಿದರೆ ಮಕ್ಕಳು ಶಾಲೆಗೆ ಹೋಗಲಾಗದ, ಕಾಯಿಲೆಯವರನ್ನು ಹೊತ್ತುಕೊಂಡು ಬರಬೇಕಾದ ಮನೆಗಳು ಇಲ್ಲಿ ಇನ್ನೂ ಇವೆ. ಅವರ ಎದುರು ಕಪ್ಪೆ, ಒರತೆ ಎಂದು ಮಾತಾಡುವವರು ಪೇಟೆಯಿಂದ ಬಂದವರಂತೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಸಂಪರ್ಕ ಮತ್ತು ನೆಲದ ಅರಿವು ಜೊತೆಗೂಡಿದ್ದಕ್ಕೆ ಸುಳ್ಯದಲ್ಲೇ ಉದಾಹರಣೆ ಇದೆ. 1989ರಲ್ಲಿ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕದ ಒಳಗೂ ಹೊರಗೂ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ತೂಗುಸೇತುವೆಯಲ್ಲಿ ಆಂಬುಲೆನ್ಸ್ ಹೋಗುವುದಿಲ್ಲ, ಅದು ಎಲ್ಲದಕ್ಕೂ ಉತ್ತರವಲ್ಲ. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕ್ರಮ. ಯಾರು ದಾಟಬೇಕು, ಎಲ್ಲಿ ದಾಟಬೇಕು, ನೆರೆ ಬಂದಾಗ ಹೊಳೆ ಎಷ್ಟು ಎತ್ತರ ಬರುತ್ತದೆ ಎಂಬ ಪ್ರಶ್ನೆಗಳು ಮೊದಲು ಬಂದವು, ಉಕ್ಕಿನ ಹಗ್ಗ ಆಮೇಲೆ ಬಂತು.

ಮನುಷ್ಯರಲ್ಲದವರೂ ರಸ್ತೆಯನ್ನು ಅಡ್ಡಕ್ಕೇ ದಾಟುವವರು. ಶಿರಾಡಿ ಘಾಟಿಯ ಹೆದ್ದಾರಿಯ ಪಕ್ಕದಲ್ಲಿ ಕೆಂಪುಹೊಳೆ ಹರಿದು ಗುಂಡ್ಯದ ಕಡೆಗೆ ಇಳಿಯುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾಯರು 1937ರಲ್ಲಿ ಇಲ್ಲಿನ ಕಪ್ಪೆಗಳನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಒಂದಕ್ಕೆ ಕೆಂಪುಹೊಳೆಯ ಹೆಸರನ್ನೇ ಇಟ್ಟರು. 1986ರಲ್ಲಿ ಇನ್ನೊಂದು ಕಪ್ಪೆಗೆ ಗುಂಡ್ಯದ ಹೆಸರು ಬಂತು. ರಾಯರು ಜತನದಿಂದ ಇಟ್ಟಿದ್ದ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಈಗ ಆ ಕಪ್ಪೆ ಯಾವುದು ಎಂದು ಖಚಿತಪಡಿಸಲು ಸಂಶೋಧಕರು ಹೋಗಬೇಕಾದದ್ದು ಅದೇ ಹೊಳೆಗೆ. ಸ್ಥಳನಾಮದ ವಿದ್ಯಾರ್ಥಿನಿಯಾದ ನನಗೆ ಇದು ಒಂದು ಎಚ್ಚರಿಕೆ. ಹೆಸರು ಪುಸ್ತಕದಲ್ಲಿ ಉಳಿದು, ಹೊಳೆ ಮಣ್ಣಿನಡಿ ಹೋದರೆ ಆ ಹೆಸರು ಯಾವುದನ್ನು ಹೇಳುತ್ತದೆ?

ಆನೆಯದ್ದೂ ಹಾಗೆಯೇ. ಎತ್ತರದ ಬರೆ, ತಡೆಗೋಡೆ ಬಂದ ಕಡೆ ಆನೆ ಹತ್ತಲಾರದು, ಇಳಿಯಲಾರದು. ಅದು ಸುಲಭದ ಇಳಿಜಾರನ್ನು ಹುಡುಕುತ್ತದೆ, ಆ ಇಳಿಜಾರಿನಲ್ಲಿ ನಮ್ಮ ತೋಟವಿರುತ್ತದೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಒಂದೇ ಬೆಳಿಗ್ಗೆ ಇಬ್ಬರು ಆನೆಗೆ ಬಲಿಯಾದರು. ಅದನ್ನು ರಸ್ತೆಯ ಲೆಕ್ಕಕ್ಕೆ ನಾನು ಬರೆಯುವುದಿಲ್ಲ. ಆದರೆ ಮುಂದೆ ಎಲ್ಲೆಲ್ಲಿ ಗುಡ್ಡೆ ಕಡಿಯುತ್ತೇವೋ ಅಲ್ಲಿ ಆನೆ ಯಾವ ಮನೆಯ ಅಂಗಳಕ್ಕೆ ತಿರುಗುತ್ತದೆ ಎಂದು ಮೊದಲೇ ಕೇಳುವುದು ಮನುಷ್ಯರ ಸುರಕ್ಷತೆಯ ಪ್ರಶ್ನೆಯೂ ಹೌದು. ಕೇಳಿದಲ್ಲಿ ಉತ್ತರ ಸಿಕ್ಕಿದೆ. ಮಹಾರಾಷ್ಟ್ರದ ಪೆಂಚ್ ಬಳಿ ಹೆದ್ದಾರಿ 44ನ್ನು ಎತ್ತರಿಸಿ ಕೆಳಗೆ ದಾರಿ ಬಿಟ್ಟರು. ಹುಲಿಗಳು ಅದರಡಿ ದಾಟುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ನಮ್ಮದೇ ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆ ಇದೆ. ಕೆಲವು ಕಡೆ ಬೇಡ ಎನ್ನುವುದೂ ಒಂದು ಉತ್ತರ. ಮಡಿಕೇರಿಯ ಗಾಳಿಬೀಡಿನಿಂದ ಕಡಮಕಲ್ಲು ಮೂಲಕ ಸುಬ್ರಹ್ಮಣ್ಯಕ್ಕೆ ರಸ್ತೆ ಬೇಕೆಂಬ ಬೇಡಿಕೆ ಹಳೆಯದು, ದೂರ ಕಡಿಮೆಯಾಗುವುದೂ ನಿಜ. ಆದರೆ ಅಲ್ಲಿರುವುದು ಪುಷ್ಪಗಿರಿ ವನ್ಯಧಾಮ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು, ಕುಮಾರಧಾರೆಯ ತವರು. ಸುಬ್ರಹ್ಮಣ್ಯಕ್ಕೆ ಬರುವ ಭಕ್ತರು ಮೀಯುವುದು ಅದೇ ನೀರಿನಲ್ಲಿ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕಾನೂನು ತಿದ್ದುಪಡಿಯಾಗಲಿ, ಆಗಲೇಬೇಕು. ನಮ್ಮ ಕಡೆಯ ಅಗಲೀಕರಣಗಳಿಗೆ ಎತ್ತರದ ಬದಲು ಇಳಿಜಾರನ್ನು, ಕಿಲೋಮೀಟರಿನ ಬದಲು ಕಡಿಯುವ ಗುಡ್ಡೆಯ ಗಾತ್ರವನ್ನು ಮಿತಿಯಾಗಿ ಇಡಬೇಕು. ಅದಕ್ಕೆ ಕಾಯದೆ ಮಾಡಬಹುದಾದದ್ದೂ ಇದೆ. ನಕ್ಷೆಯಲ್ಲಿ ಗೆರೆ ಎಳೆಯುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಆ ದಾರಿಯನ್ನು ಅಡ್ಡಕ್ಕೆ ನಡೆಯಲಿ. ಜುಲೈಯಲ್ಲಿ ನೀರು ಎಲ್ಲಿ ಹರಿಯುತ್ತದೆ, ಮಾರ್ಚ್‌ನಲ್ಲಿ ಎಲ್ಲಿ ಉಳಿದಿರುತ್ತದೆ ಎಂದು ಕೆಳಗಿನ ಮನೆಯವರನ್ನು ಕೇಳಿ ಬರೆದುಕೊಳ್ಳಲಿ. ಜಾಗ ಕಳೆದುಕೊಳ್ಳುವವರಷ್ಟೇ ಅಲ್ಲದೆ, ಮೋರಿಯ ಬಾಯಿಯ ಕೆಳಗಿನವರನ್ನೂ ಸಂಬಂಧಪಟ್ಟವರು ಎಂದು ಎಣಿಸಲಿ. ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಟೆಂಡರಿನಲ್ಲೇ ಇರಲಿ. ಇದನ್ನೆಲ್ಲ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಲಿ, ಪ್ರಶ್ನೆಗೆ ಲಿಖಿತ ಉತ್ತರ ಕೊಡಲಿ. ಇದರಿಂದ ರಸ್ತೆ ಒಂದು ವರ್ಷ ತಡವಾಗಬಹುದು. ಪ್ರತಿ ಮಳೆಗಾಲ ಬರೆ ಜರಿದು ಮುಚ್ಚುವ ರಸ್ತೆ ಎಷ್ಟು ವರ್ಷ ತಡವಾಗುತ್ತದೆ ಎಂದೂ ಜೊತೆಗೇ ಲೆಕ್ಕ ಹಾಕಬೇಕು.

ರಸ್ತೆಬದಿಯ ಪ್ರತಿ ಮೋರಿಯ ಮೇಲೂ ಒಂದು ಸಂಖ್ಯೆ ಬರೆದಿರುತ್ತದೆ. ಎಷ್ಟನೆಯ ಕಿಲೋಮೀಟರಿನ ಎಷ್ಟನೆಯ ಮೋರಿ ಎಂಬ ಲೆಕ್ಕ ಅದು. ನನ್ನ ಸಂಶೋಧನೆಗಾಗಿ ಊರೂರು ಸುತ್ತುವಾಗ ಆ ಸಂಖ್ಯೆಗಳ ಎದುರು ತೋಡುಗಳ ಹೆಸರನ್ನು ಬರೆದುಕೊಳ್ಳುತ್ತಿದ್ದೇನೆ. ಇದು ಪ್ರಬಂಧದಲ್ಲಿ ಬರುವ ವಿಷಯವಲ್ಲ. ಆದರೂ ಯಾರನ್ನು ಕೇಳಿದರೂ ಹೆಸರು ಹೇಳುತ್ತಾರೆ, ಜೊತೆಗೆ ಅದು ಯಾವ ವರ್ಷ ಉಕ್ಕಿತ್ತು, ಯಾವ ತಿಂಗಳು ಬತ್ತುತ್ತದೆ ಎಂದೂ ಹೇಳುತ್ತಾರೆ. ಕೇಳಿದ್ದಕ್ಕೇ ಸಂತೋಷಪಡುತ್ತಾರೆ. ಇದುವರೆಗೆ ಬಂದವರು ಯಾರೂ ಕೇಳಿರಲಿಲ್ಲವಂತೆ.